ಧಾರಾಗೃಹವೂ ಆನೂಪದೇಶವೂ

ಗ್ರೀಷ್ಮವರ್ಣನೆಯನ್ನು ಪಾಠಹೇಳುವ ಉಪಾಧ್ಯಾಯರಿಗೆ ಧಾರಾಗೃಹ, ಜಲಯಂತ್ರಮಂದಿರ ಎಂಬ ಪದಗಳು ಹೊಸವಲ್ಲ. ಕಾಳಿದಾಸನ ಋತುಸಂಹಾರದ ಮೊದಲನೆಯ ಸರ್ಗದಲ್ಲಿಯೇ ಜಲಯಂತ್ರಮಂದಿರವು ಬರುತ್ತದೆ. ರಘುವಂಶದ ಹದಿನಾರನೆಯ ಸರ್ಗದಲ್ಲಿ ಸಿರಿವಂತರು ಧಾರಾಗೃಹಗಳಲ್ಲಿ ಬಿಸಿಲನ್ನು ಕಳೆದರೆಂದು ಹೇಳಿದೆ. ‘ನೀರು ಚಿಮ್ಮುವ ಮನೆ’ ಎಂದು ಅರ್ಥವನ್ನು ಬರೆಯಿಸಿ ಮುಂದಿನ ಶ್ಲೋಕಕ್ಕೆ ಹೋಗುವುದು ನಮ್ಮ ವಾಡಿಕೆ. ಆದರೆ ಈಗ ಕೆಲವು ವರ್ಷಗಳಿಂದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಊರುಗಳ ಪೇಟೆಬೀದಿಗಳಲ್ಲಿ ಅದೇ ಧಾರಾಗೃಹವು ಪೆಟ್ಟಿಗೆಯ ಆಕಾರವನ್ನು ತಾಳಿ, ‘ಕೂಲರ್’ ಎಂಬ ಹೆಸರಿನಿಂದ ಮಾರಾಟಕ್ಕೆ ನಿಂತಿದೆ. ಮನೆಯವರೂ ಅಂಗಡಿಯವರೂ ಅದನ್ನು ಕೊಳ್ಳುತ್ತಾರೆ; ಶಾಲೆಗಳಿಗೂ ವಾಚನಾಲಯಗಳಿಗೂ ದಾನವಾಗಿಯೂ ಬರುತ್ತದೆ. ಮಾರ್ಚಿಯಲ್ಲಿ ಅದನ್ನು ಹೊಗಳಿದವರೇ ಜುಲೈ ತಿಂಗಳಲ್ಲಿ ತೆಗಳುವುದನ್ನು ಕೇಳಿದ್ದೇನೆ. ಯಂತ್ರವು ಕೆಟ್ಟಿತೆಂದು ರಿಪೇರಿಯವನನ್ನು ಕರೆಸಿದರೆ ಆತನು ನೋಡಿ, ಎಲ್ಲವೂ ಸರಿಯಾಗಿದೆಯೆಂದು ಹೇಳಿ ಕೂಲಿಯನ್ನು ತೆಗೆದುಕೊಂಡು ಹೋಗುತ್ತಾನೆ. ಒಂದೇ ಯಂತ್ರವು ಒಂದೇ ಮನೆಯಲ್ಲಿ ಒಂದು ಕಾಲಕ್ಕೆ ಹಿತವಾಗಿಯೂ ಇನ್ನೊಂದು ಕಾಲಕ್ಕೆ ಅಹಿತವಾಗಿಯೂ ಆಗುವುದಕ್ಕೆ ಕಾರಣವೇನು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ. ಓಲೆಗರಿಗಳನ್ನೂ ಹಳೆಯ ಗ್ರಂಥಗಳನ್ನೂ ಕಾಪಾಡುವ ಹೊಣೆಯುಳ್ಳ ನಮ್ಮಂಥವರಿಗೆ ಈ ವಿಚಾರವು ಕೇವಲ ಸುಖದುಃಖದ ಮಾತಾಗಿ ನಿಲ್ಲುವುದಿಲ್ಲ.

ಮೊದಲು ಪ್ರಾಚೀನರು ಏನು ಮಾಡುತ್ತಿದ್ದರೆಂಬುದನ್ನು ನೋಡೋಣ. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರವನ್ನಾಳಿದ ಭೋಜರಾಜನ ಸಮರಾಂಗಣಸೂತ್ರಧಾರದ ಯಂತ್ರವಿಧಾನಾಧ್ಯಾಯದಲ್ಲಿ ವಾರಿಗೃಹಗಳು ಐದು ಬಗೆಯೆಂದು ಹೇಳಿದೆ: ಧಾರಾಗೃಹ, ಪ್ರವರ್ಷಣ, ಪ್ರಣಾಲ, ಜಲಮಗ್ನ, ನಂದ್ಯಾವರ್ತ. ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ, ಗ್ರೀಷ್ಮದ ನಡುಹಗಲಲ್ಲಿ ಬಿಸಿಲಿನಿಂದ ಬಳಲಿದವನು ಧಾರಾಗೃಹದಲ್ಲಿ ಮಲಗಬೇಕೆಂದೂ, ಅಲ್ಲಿ ಗೊಂಬೆಗಳ ಅವಯವಗಳಿಂದ ಲಾವಂಚದ ನೀರು ಸುರಿಯುತ್ತಿರಬೇಕೆಂದೂ ವಿಧಿಸುತ್ತಾನೆ. ನೀರಿನ ಹನಿಗಳನ್ನು ಚೆಲ್ಲುವ ಬೀಸಣಿಗೆಗಳನ್ನೂ ಹೇಳುತ್ತಾನೆ. ನೀರು, ಲಾವಂಚ, ಬೀಸುವ ಗಾಳಿ ಈ ಮೂರೂ ಅಲ್ಲಿ ಕೂಡಿಬಂದಿವೆ. ಇಂದಿನ ಪೆಟ್ಟಿಗೆಯಲ್ಲಿರುವುದೂ ಈ ಮೂರೇ: ತಳದಲ್ಲಿ ನೀರಿನ ತೊಟ್ಟಿ, ನೀರನ್ನು ಮೇಲಕ್ಕೆತ್ತಿ ಸುರಿಯುವ ಒಂದು ಚಿಕ್ಕ ಪಂಪು, ನೀರನ್ನು ಹೀರಿ ನಿಲ್ಲುವ ಮರದ ನಾರಿನ ಅಥವಾ ಜೇನುಹುಟ್ಟಿನಂತೆ ಕಣ್ಣುಕಣ್ಣಾದ ದಪ್ಪ ಕಾಗದದ ತಟ್ಟಿ, ಹೊರಗಿನ ಗಾಳಿಯನ್ನು ಆ ತಟ್ಟಿಯ ಮೂಲಕ ಎಳೆದು ಕೊಠಡಿಯೊಳಕ್ಕೆ ನೂಕುವ ಫ್ಯಾನು.

ಲಾವಂಚದ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಅಮರಸಿಂಹನು ವೀರಣವೆಂಬ ಹುಲ್ಲಿನ ಬೇರಿಗೆ ಉಶೀರವೆಂದು ಹೆಸರಿಟ್ಟು, ಅದರ ಪರ್ಯಾಯಗಳಲ್ಲಿ ನಲದ, ಸೇವ್ಯ, ಲಾಮಜ್ಜಕ ಎಂಬವುಗಳ ಜೊತೆಗೆ ‘ಜಲಾಶಯ’ ಎಂಬುದನ್ನೂ ಎಣಿಸಿದ್ದಾನೆ. ನಮ್ಮ ಲಾವಂಚ, ಲಾಮಂಚಗಳು ಲಾಮಜ್ಜಕದ ಬಳಗವೆಂಬುದು ಸ್ಪಷ್ಟ. ಬೇರಿಗೆ ಜಲಾಶಯವೆಂಬ ಹೆಸರು ಹೇಗೆ ಬಂದಿತೆಂದು ವಿದ್ಯಾರ್ಥಿಗಳು ಕೇಳುವುದುಂಟು. ಅದು ನೀರಿನ ಬಳಿ ಬೆಳೆಯುತ್ತದೆಂದು ಹೇಳಬಹುದು. ನೀರನ್ನು ತನ್ನ ಎಳೆಗಳಲ್ಲಿ ತಡೆದು ನಿಲ್ಲಿಸಿಕೊಳ್ಳುತ್ತದೆಂದೂ ಹೇಳಬಹುದು. ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸಿ ನೋಡಿದವರಿಗೆ ಎರಡನೆಯ ಅರ್ಥವೇ ಹೆಚ್ಚು ರುಚಿಸುವುದು. ಅಕ್ಬರನ ಕಾಲದಲ್ಲಿ ಈ ಬೇರಿನಿಂದ ಕಟ್ಟಿದ ತಂಪುಮನೆಗಳಿದ್ದುವೆಂದು ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಬರೆದಿದ್ದಾನೆ.

ಇನ್ನು ತಂಪಾಗುವ ಬಗೆ. ನೀರು ತಣ್ಣಗಿರುವುದರಿಂದ ಗಾಳಿಯು ತಣ್ಣಗಾಗುತ್ತದೆಂದು ಬಹುಜನರ ತಿಳಿವಳಿಕೆ, ಇದು ಸರಿಯಲ್ಲ. ಬಿಸಿಲಿಗೆ ಕಾದ ತೊಟ್ಟಿಯ ನೀರನ್ನು ಹೊಸ ಮಡಕೆಯಲ್ಲಿ ತುಂಬಿಟ್ಟರೂ ಸಾಯಂಕಾಲದ ಹೊತ್ತಿಗೆ ಅದು ತಣ್ಣಗಾಗುತ್ತದೆ. ಮಡಕೆಯ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗಿ ಹೋಗುವಾಗ, ಆವಿಯಾಗಲು ತನಗೆ ಬೇಕಾದ ಉಷ್ಣವನ್ನು ಮಡಕೆಯಿಂದಲೂ ಒಳಗಿನ ನೀರಿನಿಂದಲೂ ಕಿತ್ತುಕೊಂಡು ಹೋಗುತ್ತದೆ. ಆ ಉಷ್ಣವು ಅಲ್ಪವಲ್ಲ: ಒಂದು ಲೀಟರು ನೀರನ್ನು ೩೦ ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಎಷ್ಟು ಉಷ್ಣ ಬೇಕೋ, ಅಷ್ಟೇ ನೀರನ್ನು ಕುದಿಸದೆ ಆವಿಯಾಗಿಸಲು ಅದರ ಸುಮಾರು ಎಂಟರಷ್ಟು ಬೇಕು. ರಾಮನವಮಿಯ ಪಾನಕದ ಕೊಳಗಕ್ಕೆ ಒದ್ದೆಬಟ್ಟೆಯನ್ನು ಸುತ್ತುವುದೂ, ಅರವಟ್ಟಿಗೆಯಲ್ಲಿ ಮಣ್ಣಿನ ಹರವಿಗಳನ್ನು ಒದ್ದೆಮರಳಿನ ಮೇಲೆ ಇಡುವುದೂ ಇದೇ ನ್ಯಾಯದಿಂದ. (ಪಾನಕದ ಮಾತು ಬಂದುದರಿಂದ ನೆನೆಯುತ್ತೇನೆ: ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಯಲ್ಲಿ ಬರೆದ ಸೂಪಶಾಸ್ತ್ರದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಈ ಸೀಮೆಯ ಬೇಸಗೆಯನ್ನು ಬಲ್ಲವರಿಗೆ ಅದು ಆಶ್ಚರ್ಯವಲ್ಲ.)

ನೀರು ಎಷ್ಟು ಬೇಗ ಆವಿಯಾಗುತ್ತದೆ ಎಂಬುದು ಗಾಳಿಯ ಒಣತನವನ್ನು ಅವಲಂಬಿಸಿದೆ. ಗಾಳಿಯು ಒಂದೊಂದು ಉಷ್ಣಮಾನದಲ್ಲಿ ಇಂತಿಷ್ಟೇ ಆವಿಯನ್ನು ಧರಿಸಬಲ್ಲುದು. ಆಗಲೇ ಅರ್ಧ ತುಂಬಿರುವ ಗಾಳಿಗೆ ಹಿಡಿಯುವುದು ಇನ್ನರ್ಧ, ಪೂರ್ತಿ ತುಂಬಿದ ಗಾಳಿಗೆ ಏನೂ ಹಿಡಿಯದು. ಇದನ್ನು ಅಳೆಯುವ ಉಪಾಯ ಸುಲಭ. ಎರಡು ಉಷ್ಣಮಾಪಕಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆಯಾದ ತೆಳು ಹತ್ತಿಬಟ್ಟೆಯನ್ನು ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಬೇಕು. ಒದ್ದೆಯ ಮಾಪಕವು ಕೆಳಕ್ಕಿಳಿದು ಒಂದು ಕಡೆ ನಿಲ್ಲುತ್ತದೆ. ನೀರಿನಿಂದ ಗಾಳಿಯನ್ನು ತಂಪುಮಾಡುವ ಕೂಲರು ಎಷ್ಟೇ ದೊಡ್ಡದಾಗಿರಲಿ, ಎಷ್ಟೇ ಬೆಲೆಯುಳ್ಳದ್ದಾಗಿರಲಿ, ಆ ಗೆರೆಯಿಂದ ಕೆಳಕ್ಕೆ ಗಾಳಿಯನ್ನು ಇಳಿಸಲಾರದು. ಎರಡು ಮಾಪಕಗಳ ಅಂತರದಲ್ಲಿ ಮುಕ್ಕಾಲು ಪಾಲಿನಷ್ಟು ಇಳಿಸಿದರೆ ಅದು ಒಳ್ಳೆಯ ಯಂತ್ರವೇ ಸರಿ.

ಲೆಕ್ಕವನ್ನು ನೋಡೋಣ. ಕಾಳಿದಾಸ ಭೋಜರ ಮಾಳವದಲ್ಲಿ ಕಡುಬೇಸಗೆಯ ಮಧ್ಯಾಹ್ನ ಗಾಳಿಯ ಉಷ್ಣಮಾನವು ೪೦ ಸೆಂಟಿಗ್ರೇಡ್ ಡಿಗ್ರಿ, ತೇವವು ಸೇಕಡಾ ೨೦ ಎಂದಿಟ್ಟುಕೊಂಡರೆ ಒದ್ದೆಮಾಪಕವು ಸುಮಾರು ೨೩ರಲ್ಲಿ ನಿಲ್ಲುತ್ತದೆ. ಹದಿನೇಳು ಡಿಗ್ರಿಗಳ ಅಂತರ. ಧಾರಾಗೃಹವನ್ನು ಕವಿಗಳು ಹೊಗಳಿದುದರಲ್ಲಿ ಅತಿಶಯೋಕ್ತಿ ಕಡಮೆಯೆಂದು ಇದರಿಂದ ಗೊತ್ತಾಗುವುದು. ನಮ್ಮ ಸೀಮೆಯ ಚೈತ್ರಮಾಸದ ಒಣ ಮಧ್ಯಾಹ್ನದಲ್ಲಿ ೩೫ ಡಿಗ್ರಿ, ತೇವ ಸೇಕಡಾ ೩೦ ಇದ್ದರೆ ಒದ್ದೆಮಾಪಕವು ೨೨ರ ಬಳಿ ನಿಲ್ಲುವುದು. ಕೂಲರಿನ ಗಾಳಿ ೨೫–೨೬ಕ್ಕೆ ಇಳಿಯುವುದು. ಇದೂ ಬಲು ಹಿತವೇ. ಆದರೆ ಆಷಾಢದ ಮೋಡದ ದಿನ ೨೭ ಡಿಗ್ರಿ, ತೇವ ಸೇಕಡಾ ೮೦ ಇರುವಾಗ ಒದ್ದೆಮಾಪಕವು ೨೪ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕೂಲರಿಗೆ ದೊರೆಯುವುದು ಎರಡು ಡಿಗ್ರಿ. ಅದಕ್ಕೆ ಬದಲಾಗಿ ಕೊಠಡಿಯ ಗಾಳಿ ಸೇಕಡಾ ೯೦ಕ್ಕೂ ಮೀರಿ ತೇವವಾಗುತ್ತದೆ. ಇಲ್ಲಿ ಒಂದು ಚಮತ್ಕಾರವನ್ನು ಗಮನಿಸತಕ್ಕದ್ದು. ಮೈಗೆ ತಂಪೆನಿಸುವ ಆಷಾಢದಲ್ಲಿ ಒದ್ದೆಮಾಪಕದ ಗೆರೆಯು ಉರಿಯುವ ಚೈತ್ರದ ಗೆರೆಗಿಂತ ಮೇಲೆಯೇ ಇದೆ! ನಮ್ಮ ಶರೀರವೂ ಬೆವರನ್ನು ಆವಿಯಾಗಿಸಿ ತಣ್ಣಗಾಗುವ ಒಂದು ಮಡಕೆಯಷ್ಟೆ. ಸುತ್ತಲ ಗಾಳಿಯನ್ನು ತೇವದಿಂದ ತುಂಬಿಬಿಟ್ಟರೆ ಬೆವರು ಆರುವುದಿಲ್ಲ. ಮೈ ಜಿಗುಟಾಗುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಜುಲೈ ತಿಂಗಳ ತೆಗಳಿಕೆಗೆ ಕಾರಣ ಇದೇ.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳನ್ನು ಒಣದೇಶವೆನ್ನಬೇಕೋ ತೇವದೇಶವೆನ್ನಬೇಕೋ? ಆಯುರ್ವೇದವು ದೇಶವನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಂಗಡಿಸಿದೆ. ನೀರು ವಿರಳವಾಗಿ, ಮುಳ್ಳುಗಿಡಗಳು ಅಲ್ಲಲ್ಲಿದ್ದು, ಬಿಸಿಯಾದ ಕಟುಗಾಳಿ ಬೀಸುವುದು ಜಾಂಗಲ. ನದಿಗಳೂ ಮಳೆಯೂ ಮರಗಳೂ ದಟ್ಟವಾಗಿ, ಮೃದುಶೀತಲವಾದ ಗಾಳಿಯುಳ್ಳದ್ದು ಆನೂಪ. ಎರಡರ ಲಕ್ಷಣಗಳೂ ಬೆರೆತದ್ದು ಸಾಧಾರಣ. ಸಮುದ್ರಮಟ್ಟಕ್ಕಿಂತ ಏಳುನೂರು ಎಂಟುನೂರು ಮೀಟರು ಎತ್ತರದಲ್ಲಿ, ಕೊಡಗಿನ ಮತ್ತು ವಯನಾಡಿನ ಮಲೆಗಳಿಗೂ ಮೈಸೂರಿನ ಬಯಲಿಗೂ ನಡುವೆ ಹಾಸಿರುವ ಈ ಸೀಮೆಯು ಸಾಧಾರಣದೇಶಕ್ಕೆ ಲಕ್ಷ್ಯವಾಗತಕ್ಕದ್ದು. ಪಿರಿಯಾಪಟ್ಟಣದಿಂದ ಬೈಲುಕುಪ್ಪೆಯ ಕಡೆಗೆ, ಹೆಗ್ಗಡದೇವನಕೋಟೆಯಿಂದ ನಾಗರಹೊಳೆಯ ಕಾಡು ಕಪಿಲೆಯ ಹಿನ್ನೀರುಗಳ ಕಡೆಗೆ ಹೋದಂತೆಲ್ಲ ಆನೂಪದ ಭಾಗ ಹೆಚ್ಚು. ಹುಣಸೂರಿನಿಂದ ಮೂಡಲಿಗೆ ನಡೆದರೆ ಜಾಂಗಲದ ಛಾಯೆ. ಕೃಷ್ಣರಾಜನಗರದ ಸೀಮೆಯಲ್ಲಿ ಮಳೆ ಕಡಮೆಯಾದರೂ ಕಾವೇರಿಯ ನಾಲೆಗಳು ಹರಿದು ಬತ್ತದ ಗದ್ದೆಗಳು ತುಂಬಿರುವ ತಿಂಗಳುಗಳಲ್ಲಿ ಮನುಷ್ಯರೇ ಆನೂಪವನ್ನು ನಿರ್ಮಿಸಿಕೊಂಡಿದ್ದಾರೆನ್ನಬಹುದು. (ಸಾಲಿಗ್ರಾಮ, ಸರಗೂರುಗಳು ಈಗ ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಈ ವಿಚಾರದಲ್ಲಿ ಅವುಗಳನ್ನು ಹಳೆಯ ತಾಲ್ಲೂಕುಗಳೊಡನೆಯೇ ಸೇರಿಸಿಕೊಂಡಿದ್ದೇನೆ.)

ಆದರೆ ನನ್ನ ಅಭಿಪ್ರಾಯದಲ್ಲಿ ದೇಶವಿಚಾರಕ್ಕಿಂತ ಕಾಲವಿಚಾರವೇ ಇಲ್ಲಿ ಪ್ರಧಾನವಾದುದು. ‘ತೇವದ ಸೀಮೆಗೆ ಕೂಲರು ಸಲ್ಲದು’ ಎಂಬ ಸಾಮಾನ್ಯವಚನವು ಮಂಗಳೂರಿಗೆ ಸಲ್ಲಬಹುದು; ಹುಣಸೂರಿಗೆ ಹಾಗೆಯೇ ಸಲ್ಲದು. ಒಂದೇ ಹಳ್ಳಿಯು ಫಾಲ್ಗುಣದಿಂದ ವೈಶಾಖದ ನಡುವಿನವರೆಗೆ ಜಾಂಗಲವಾಗಿಯೂ ಜ್ಯೇಷ್ಠದಿಂದ ಕಾರ್ತಿಕದವರೆಗೆ ಆನೂಪವಾಗಿಯೂ ನಡೆದುಕೊಳ್ಳುತ್ತದೆ. ಇದನ್ನು ತಿಳಿಯದೆ ಗ್ರಂಥದ ಮಾಸನಾಮಗಳನ್ನು ಹಿಡಿದು ಹೊರಟರೆ ಪ್ರಮಾದವಾಗುವುದು. ಪ್ರಸಿದ್ಧವಾದ ಗಣನೆಯಲ್ಲಿ ಚೈತ್ರ ವೈಶಾಖಗಳು ವಸಂತ, ಜ್ಯೇಷ್ಠ ಆಷಾಢಗಳು ಗ್ರೀಷ್ಮ. ಇದನ್ನು ನಂಬಿ ಆಷಾಢದಲ್ಲಿ ಧಾರಾಗೃಹವನ್ನು ಹೊಕ್ಕವನು ಪಿರಿಯಾಪಟ್ಟಣದಲ್ಲಿ ನೆಗಡಿಯನ್ನು ಹೊತ್ತು ಹೊರಬರುತ್ತಾನೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಎರಡು ಗಣನೆಗಳಿವೆಯೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಎರಡನೆಯದರಲ್ಲಿ ಶಿಶಿರವನ್ನು ಬಿಟ್ಟು ಪ್ರಾವೃಟ್ ಎಂಬ ಋತುವನ್ನು ಸೇರಿಸಿ, ಫಾಲ್ಗುಣ ಚೈತ್ರಗಳನ್ನು ವಸಂತವೆಂದೂ ವೈಶಾಖ ಜ್ಯೇಷ್ಠಗಳನ್ನು ಗ್ರೀಷ್ಮವೆಂದೂ ಆಷಾಢ ಶ್ರಾವಣಗಳನ್ನು ಪ್ರಾವೃಟ್ ಎಂದೂ ಹೇಳಿದೆ. ಇದು ನಮಗೆ ಹತ್ತಿರ. ಆದರೂ ನಮ್ಮ ಬಿಸಿಲಿನ ಶಿಖರವು ಇದಕ್ಕಿಂತಲೂ ಮುಂಚಿನದು. ಆದಕಾರಣ ಋತುವನ್ನು ಲಕ್ಷಣದಿಂದ ಗ್ರಹಿಸಬೇಕೇ ಹೊರತು ಹೆಸರಿನಿಂದಲ್ಲ.

ನಮ್ಮ ರೈತರ ಮಳೆನಕ್ಷತ್ರಗಳ ಗಣನೆಯು ಇದಕ್ಕೆ ಉತ್ತಮವಾದ ಸಾಧನ. ಶಿವರಾತ್ರಿಯಿಂದ ಅಶ್ವಿನಿ ಮಳೆಯವರೆಗೆ, ಅಂದರೆ ಸುಮಾರು ಏಪ್ರಿಲ್ ಕೊನೆಯವರೆಗೆ, ಕೂಲರಿಗೆ ನಿರ್ಬಾಧವಾದ ಕಾಲ. ಭರಣಿ, ಕೃತ್ತಿಕೆ, ರೋಹಿಣಿಗಳಲ್ಲಿ ದಿನವನ್ನು ನೋಡಿ ನಡೆಸಬೇಕು: ೩೨ ಡಿಗ್ರಿ ಬಿಸಿ, ಸೇಕಡಾ ೫೦ ತೇವ ಇರುವ ಮಧ್ಯಾಹ್ನ ಆರು ಡಿಗ್ರಿಗಳಷ್ಟು ಇಳಿತ ದೊರೆಯುವುದು, ಗುಡುಗಿನ ಮಳೆ ಸುರಿದ ಸಂಜೆ ಅದೇ ಯಂತ್ರವು ವ್ಯರ್ಥ. ಮೃಗಶಿರೆ ಹುಟ್ಟಿದ ಮೇಲೆ, ಅಂದರೆ ಜೂನ್ ಮೊದಲ ವಾರದ ತರುವಾಯ, ಸ್ವಾತಿ ವಿಶಾಖೆಗಳು ಕಳೆಯುವ ತನಕ ನೀರನ್ನು ಬಸಿದು, ತಟ್ಟಿಯನ್ನು ಒಣಗಿಸಿ, ಬರಿಯ ಫ್ಯಾನನ್ನು ಮಾತ್ರ ತಿರುಗಿಸುವುದು ಲೇಸು.

ವಾಗ್ಭಟನು ಇದನ್ನು ಬಲ್ಲವನಾಗಿದ್ದನು. ಗ್ರೀಷ್ಮಕ್ಕೆ ಧಾರಾಗೃಹವನ್ನು ವಿಧಿಸಿದ ಅದೇ ಅಧ್ಯಾಯದಲ್ಲಿ, ವರ್ಷಋತುವಿನಲ್ಲಿ ಆವಿ, ಶೀತ, ತುಂತುರು ಈ ಮೂರೂ ಇಲ್ಲದ ಮೇಲುಪ್ಪರಿಗೆಯಲ್ಲಿ ವಾಸಿಸಬೇಕೆಂದೂ, ಬಟ್ಟೆಗಳಿಗೆ ಸದಾ ಧೂಪವನ್ನು ಕೊಡಬೇಕೆಂದೂ ಹೇಳಿದ್ದಾನೆ. ಬಟ್ಟೆಗೆ ಧೂಪವೆಂದರೆ ಬರಿಯ ಸುಗಂಧದ ವಿಲಾಸವೆಂದು ನಾವು ಓದಿಕೊಳ್ಳುತ್ತೇವೆ. ಒಣಗದ ಬಟ್ಟೆಯ ಮುಗ್ಗುವಾಸನೆಯನ್ನು ಬಲ್ಲ ಮಲೆಸೀಮೆಯವನು ಬೇರೆಯಾಗಿ ಓದಿಕೊಳ್ಳುವನು. ಚಂದ್ರಕಾಂತಶಿಲೆಯು ಬೆಳುದಿಂಗಳಲ್ಲಿ ದ್ರವಿಸುವುದು ಕವಿಸಮಯವೆನ್ನೋಣ. ಆದರೆ ಮುಂಗಾರು ಹಿಡಿದ ಮೊದಲ ದಿನಗಳಲ್ಲಿ ಹಳೆಯ ತೊಟ್ಟಿಮನೆಗಳ ಕಲ್ಲುನೆಲ ಬೆವರುವುದನ್ನು ಕಂಡವರು ಬಹಳ ಮಂದಿ ಇದ್ದಾರೆ: ತೇವ ತುಂಬಿದ ಗಾಳಿಯು ತಣ್ಣನೆಯ ಕಲ್ಲನ್ನು ಸೋಕಿ ನೀರಾಗುತ್ತದೆ. ಆವಿಯಾಗುವಾಗ ಒಯ್ದ ಉಷ್ಣವನ್ನು ಮರಳಿ ನೀರಾಗುವಾಗ ಅಲ್ಲಿ ಬಿಟ್ಟುಕೊಡುತ್ತದೆ. ಧಾರಾಗೃಹದ ಕ್ರಿಯೆಯೇ ತಿರುಗುಮುರುಗಾದದ್ದು ಇದು.

ಗಾಳಿಯ ತೇವವನ್ನು ಈ ಸೀಮೆಯಲ್ಲಿ ಪಂಡಿತರಿಗಿಂತ ಚೆನ್ನಾಗಿ ಬಲ್ಲವರು ಹೊಗೆಸೊಪ್ಪಿನ ಬೆಳೆಗಾರರು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಮಳೆಗಾಲದ ಉತ್ತರಾರ್ಧದಲ್ಲಿ ಬ್ಯಾರನ್ನುಗಳಲ್ಲಿ ಎಲೆಯನ್ನು ಬೇಯಿಸುತ್ತಾರೆ. ಕೊನೆಯ ಘಟ್ಟದಲ್ಲಿ ಒಳಗಿನ ಶಾಖವನ್ನು ೭೦ ಡಿಗ್ರಿಯ ಸುತ್ತಮುತ್ತಲಿಗೆ ಏರಿಸಿ ನಾರನ್ನು ಒಣಗಿಸುತ್ತಾರೆ. ಆಗ ಎಲೆಯು ಹಪ್ಪಳದಂತಾಗಿ, ಮುಟ್ಟಿದರೆ ಪುಡಿಯಾಗುವುದು. ಬೆಂಕಿಯನ್ನು ನಂದಿಸಿ ಬಾಗಿಲು ಕಿಂಡಿಗಳನ್ನು ರಾತ್ರಿ ತೆರೆದಿಟ್ಟರೆ ಎಲೆಯು ಗಾಳಿಯ ತೇವವನ್ನೇ ಕುಡಿದು ಮೆತ್ತಗಾಗುತ್ತದೆ. ಒಣಗಿದ ಎಲೆಯೊಂದು ರಾತ್ರಿ ಕಳೆಯುವುದರೊಳಗೆ ಇಷ್ಟು ನೀರನ್ನು ಹೀರುವುದಾದರೆ, ಒಣಗಿದ ಮತ್ತೊಂದು ಎಲೆಯ ಗತಿಯೇನು? ನಮ್ಮ ಓಲೆಗರಿಯೂ ಎಲೆಯೇ.

ಇಲ್ಲಿಯೇ ನಮಗೆ ಮುಖ್ಯವಾದ ಅಂಶವಿರುವುದು. ೧೮೯೧ರಲ್ಲಿ ಮೈಸೂರಿನಲ್ಲಿ ಪ್ರಾಚ್ಯಪುಸ್ತಕಭಂಡಾರವು ಸ್ಥಾಪಿತವಾಯಿತು. ಕೌಟಿಲ್ಯನ ಅರ್ಥಶಾಸ್ತ್ರವು ಅಲ್ಲಿಯ ಓಲೆಯ ಕಟ್ಟೊಂದರಿಂದ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು ೧೯೦೯ರಲ್ಲಿ ಅಚ್ಚಾಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಕಟ್ಟು ಮುಗ್ಗಿಹೋಗಿದ್ದರೆ ಜಗತ್ತಿಗೆ ಆದ ನಷ್ಟವೆಷ್ಟೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ದೊಡ್ಡ ಭಂಡಾರಗಳಿಗೆ ತಕ್ಕ ವ್ಯವಸ್ಥೆ ಒದಗಬಹುದು. ಮಠಗಳಲ್ಲಿ, ಬಸದಿಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ, ಊರಿನ ವಾಚನಾಲಯಗಳಲ್ಲಿ ಇರುವ ಓಲೆಗೂ ಕಾಗದಕ್ಕೂ ದಿಕ್ಕು ನಾವೇ. ಗಾಳಿಯ ತೇವವು ಸೇಕಡಾ ೬೫–೭೦ನ್ನು ಮೀರಿ ಬಹುದಿನ ನಿಂತರೆ ಬೂಷ್ಟು ಹಿಡಿಯತೊಡಗುತ್ತದೆ. ಮೇಲೆ ಹೇಳಿದ ಚೈತ್ರದ ಲೆಕ್ಕವನ್ನು ಮತ್ತೊಮ್ಮೆ ನೋಡಿರಿ: ಹೊರಗೆ ಸೇಕಡಾ ೩೦ ತೇವವಿದ್ದ ಗಾಳಿಯು ಕೂಲರನ್ನು ಹಾಯ್ದು ಒಳಕ್ಕೆ ಬರುವಾಗ ಸೇಕಡಾ ೭೫ರ ಸುಮಾರಿಗೆ ಏರಿರುತ್ತದೆ. ಓದುಗನಿಗೆ ಅದು ಅಮೃತ, ಗ್ರಂಥಕ್ಕೆ ವಿಷ. ಹಗಲೆಲ್ಲ ತೇವ, ರಾತ್ರಿ ಯಂತ್ರ ನಿಂತ ಮೇಲೆ ಒಣಗು. ಓಲೆಯು ಹಿಗ್ಗಿ ಕುಗ್ಗಿ ಬಿರುಕುಬಿಡುತ್ತದೆ. ಮಳೆಗಾಲದಲ್ಲಾದರೋ ಹೇಳತಕ್ಕದ್ದೇ ಇಲ್ಲ. ಒಂದು ಕಡೆ ಗ್ರಂಥಗಳ ಕಪಾಟಿಗೆ ಎದುರಾಗಿಯೇ ಕೂಲರನ್ನು ನಿಲ್ಲಿಸಿ, ‘ಪುಸ್ತಕಗಳಿಗೂ ತಂಪಾಗಿರಲಿ’ ಎಂದು ಭಕ್ತಿಯಿಂದ ನಡೆಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಕೆಳಗಿನ ಸಾಲಿನ ರಟ್ಟುಗಳ ಮೇಲೆ ವಿಭೂತಿ ಎರಚಿದಂತೆ ಬಿಳಿಯ ಬೂಷ್ಟು ಕುಳಿತಿತ್ತು. ಉದ್ದೇಶವು ಸಾಧುವಾದದ್ದೇ, ಫಲವು ಮಾತ್ರ ವಿಪರೀತ.

ತೇವವನ್ನೇ ಬಯಸುವ ಎಡೆಗಳೂ ಇವೆಯೆಂಬುದನ್ನು ನ್ಯಾಯವಾಗಿ ಹೇಳಬೇಕು. ಮೈಸೂರು ಸೀಮೆಯ ರೇಷ್ಮೆಯವರು ಚಾಕಿಯ ಎಳೆಯ ಹುಳುಗಳಿಗೆ ೨೬–೨೮ ಡಿಗ್ರಿ ಉಷ್ಣವನ್ನೂ ಸೇಕಡಾ ೮೦–೮೫ ತೇವವನ್ನೂ ಕೋರುತ್ತಾರೆ. ಬೇಸಗೆಯಲ್ಲಿ ಒದ್ದೆಗೋಣಿಯನ್ನು ತೂಗುಬಿಡುವುದು ಅಲ್ಲಿ ಯುಕ್ತವೇ. ದೊಡ್ಡ ಹುಳುಗಳಿಗೆ ಅದೇ ತೇವವು ಹೆಚ್ಚಾಗಿ ರೋಗವನ್ನು ತರುತ್ತದೆ.

ಗ್ರಂಥಗಳಿರುವ ಮನೆಯನ್ನು ತಂಪುಮಾಡಲು ಉಪಾಯವೇ ಇಲ್ಲವೆಂದಲ್ಲ. ಮಡಕೆಯೇ ಅದನ್ನು ಕಲಿಸುತ್ತದೆ: ಆವಿಯಾಗುವುದು ಹೊರಮೈಯಲ್ಲಿ, ತಂಪಾಗುವುದು ಒಳಗೆ. ಬೇಸಗೆಯ ಮಧ್ಯಾಹ್ನ ಹೆಂಚಿನ ಮೇಲೋ ತಾರಸಿಯ ಮೇಲೆ ಹಾಸಿದ ಗೋಣಿಯ ಮೇಲೋ ತೆಳುವಾಗಿ ನೀರನ್ನು ಚಿಮುಕಿಸುತ್ತಿದ್ದರೆ, ಮಾಡಿನ ಉರಿಯು ಹೊರಗೇ ಆವಿಯಾಗಿ ಹೋಗುತ್ತದೆ. ಕೊಠಡಿಯೊಳಗೆ ತೇವದ ಹನಿಯೂ ಸೇರದು. ತಾರಸಿಯು ಸೋರದಂತಿರಬೇಕೆಂಬುದಷ್ಟೇ ನಿಯಮ. ಇದೇ ತತ್ತ್ವದಿಂದ, ಒದ್ದೆಗಾಳಿಯು ಒಂದು ಕೊಳವೆಯಲ್ಲೂ ಒಣಗಾಳಿಯು ಪಕ್ಕದ ಕೊಳವೆಯಲ್ಲೂ ಹಾಯ್ದು, ನಡುವಿನ ತಗಡಿನ ಮೂಲಕ ತಂಪು ಮಾತ್ರ ದಾಟಿಬರುವ ಯಂತ್ರಗಳೂ ಈಗ ಇವೆ. ಆಷಾಢದಲ್ಲಿ ಅವೂ ನಿಸ್ತೇಜವೇ, ಆದರೆ ಅಪಕಾರಿಗಳಲ್ಲ. ದಪ್ಪ ಮಣ್ಣುಗೋಡೆಯ ಹಳೆಯ ಮನೆಗಳಲ್ಲಿ ಬೇಸಗೆಯ ರಾತ್ರಿ ಕಿಟಕಿಗಳನ್ನು ತೆರೆದು ಹಗಲು ಮುಚ್ಚುವ ಹಳೆಯ ಪದ್ಧತಿಯೇ ಬಹಳ ಮಟ್ಟಿಗೆ ಸಾಕು. ಓದುವವರ ಕೊಠಡಿ ಬೇರೆ, ಗ್ರಂಥಗಳ ಕೊಠಡಿ ಬೇರೆ, ನಡುವೆ ಮುಚ್ಚಿದ ಬಾಗಿಲು ಎಂಬ ಏರ್ಪಾಡಿದ್ದರೆ ಓದುಗರ ಕಡೆ ಕೂಲರನ್ನು ಇಡಬಹುದು.

ಇಡುವಾಗ ಅದನ್ನು ಕಿಟಕಿಗೆ ಒತ್ತಿ ಹೊರಗಿನ ಒಣಗಾಳಿಯನ್ನು ಎಳೆದುಕೊಳ್ಳುವಂತೆ ನಿಲ್ಲಿಸಿ, ಎದುರುಗಡೆಯ ಕಿಟಕಿಯನ್ನು ತೆರೆದಿರಬೇಕು. ತಂಪು ಓಡಿಹೋಗುತ್ತದೆಂದು ಎಲ್ಲವನ್ನೂ ಮುಚ್ಚುವವರು, ಒಮ್ಮೆ ಒದ್ದೆಯಾದ ಗಾಳಿಯನ್ನೇ ಮತ್ತೆ ಮತ್ತೆ ಒದ್ದೆಮಾಡುತ್ತ ಚೈತ್ರದಲ್ಲಿಯೇ ಆಷಾಢವನ್ನು ಬರಮಾಡಿಕೊಳ್ಳುತ್ತಾರೆ. ನೀರಿನ ಖರ್ಚನ್ನೂ ಎಣಿಸಬೇಕು: ಗಂಟೆಗೆ ಎರಡು ಸಾವಿರ ಘನ ಮೀಟರು ಗಾಳಿಯನ್ನು ಹತ್ತು ಡಿಗ್ರಿ ಇಳಿಸಲು ಸುಮಾರು ಎಂಟು ಲೀಟರು ನೀರು ಆವಿಯಾಗಬೇಕು, ಶಾಲೆಯ ಆರು ಗಂಟೆಗಳಿಗೆ ಹೆಚ್ಚು ಕಡಮೆ ಐವತ್ತು ಲೀಟರು. ಕೊಳವೆಬಾವಿ ಬತ್ತುವ ತಿಂಗಳಲ್ಲಿ ಕುಡಿಯುವ ಹರವಿಗೆ ಮೊದಲ ಪಾಲು. ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ಒಣಗಿಸದಿದ್ದರೆ ಡೆಂಗಿಯ ಸೊಳ್ಳೆಗಳು ಅಲ್ಲಿಯೇ ಮರಿಮಾಡುತ್ತವೆ.

ಪ್ರತಿಯೊಂದು ವಾಚನಾಲಯದ ಗೋಡೆಯ ಮೇಲೂ ಆ ಎರಡು ಉಷ್ಣಮಾಪಕಗಳು ಜೊತೆಯಾಗಿ ತೂಗುತ್ತಿರಲಿ. ಒಂದರ ಬುಡಕ್ಕೆ ಹತ್ತಿಯ ಬಟ್ಟೆ, ಅದರ ತುದಿ ಒಂದು ಬಟ್ಟಲು ನೀರಿನಲ್ಲಿ. ಅಂತರವು ಎಂಟು ಡಿಗ್ರಿಗೆ ಮೇಲಿದ್ದ ದಿನ ನೀರನ್ನೂ ಫ್ಯಾನನ್ನೂ ಕೂಡಿಯೇ ನಡೆಸಬಹುದು. ನಾಲ್ಕಕ್ಕಿಂತ ಕಡಮೆಯಿದ್ದ ದಿನ ನೀರಿನ ಪಂಪನ್ನು ಮುಟ್ಟಬಾರದು. ನಡುವಿನ ದಿನಗಳಲ್ಲಿ ಓದುಗರ ಮೈಯನ್ನೂ ಪಕ್ಕದ ಕೊಠಡಿಯ ಗ್ರಂಥಗಳ ಸ್ಥಿತಿಯನ್ನೂ ನೋಡಿ ವಾಚನಾಲಯದವರು ನಿರ್ಣಯಿಸತಕ್ಕದ್ದು.